ಅಮೆರಿಕದಲ್ಲಿ ಲಾ ಸ್ಕೂಲ್ ಬದಲಿಸಬೇಕೆಂದಿದ್ದೀರಾ?

ಅಮೆರಿಕದಲ್ಲಿ ಜೆಡಿ, ಅಂದರೆ ಮೂರು ವರ್ಷದ ಕಾನೂನು ಪದವಿ, ಓದುವವರು ಮೊದಲ ವರ್ಷ ಮುಗಿಸಿ ಬೇರೆ ಲಾ ಸ್ಕೂಲ್‌ಗೆ ಹೋಗಬಹುದು. ನಾನು ಓಹಾಯೋದಲ್ಲಿ ಮೊದಲ ವರ್ಷ ಓದಿ ಆಮೇಲೆ ವಾಷಿಂಗ್ಟನ್‌ನ ಜಾರ್ಜ್‌ಟೌನ್ ಸೇರಿದವಳು. ನಮ್ಮ ಕಡೆಯ ಮಕ್ಕಳು ಫೋನ್ ಮಾಡಿ ‘ಅಕ್ಕಾ, ಅರ್ಜಿ ಹೇಗೆ ಹಾಕೋದು?’ ಅಂದರೆ ಮೊದಲು ದುಡ್ಡಿನ ವಿಷಯ ಕೇಳುತ್ತೇನೆ.

ಈಗಿನ ಕಾಲೇಜು ಕೊಟ್ಟ ಸ್ಕಾಲರ್‌ಶಿಪ್ ನಿಮ್ಮ ಜೊತೆ ಬರುವುದಿಲ್ಲ. ನಡುವೆ ಬಂದವರಿಗೆ ಹೊಸ ಕಾಲೇಜು ಮೆರಿಟ್ ಮೇಲೆ ಫೀಸು ಬಿಡುವುದು ಅಪರೂಪ. ಎರಡೂ ಕಡೆಯ ಎರಡು ವರ್ಷದ ಫೀಸು, ಬಾಡಿಗೆ ಒಂದೇ ಹಾಳೆಯಲ್ಲಿ ಪಕ್ಕಪಕ್ಕ ಬರೆದು ಮನೆಯವರ ಜೊತೆ ಕೂತು ನೋಡಿ. ಬರೀ ರ‍್ಯಾಂಕಿಂಗ್‌ನಲ್ಲಿ ಸ್ವಲ್ಪ ಮೇಲಿದೆ ಅಂತ ಅಷ್ಟು ಸಾಲ ಮಾಡಬೇಡಿ.

ಅರ್ಜಿಯಲ್ಲಿ ಎಲ್ಲಕ್ಕಿಂತ ಮುಖ್ಯ ಮೊದಲ ವರ್ಷದ ಗ್ರೇಡು, ಕ್ಲಾಸಿನಲ್ಲಿ ನಿಮ್ಮ ರ‍್ಯಾಂಕು. ಲಾ ಸ್ಕೂಲ್ ಸೇರಲು ಬರೆದ ಎಲ್‌ಸ್ಯಾಟ್ ಪ್ರವೇಶ ಪರೀಕ್ಷೆಯ ಅಂಕಕ್ಕೆ ಮೊದಲಿನಷ್ಟು ಬೆಲೆ ಇರುವುದಿಲ್ಲ. ಅಮೆರಿಕನ್ ಬಾರ್ ಅಸೋಸಿಯೇಷನ್ ನಿಯಮದ ಪ್ರಕಾರ ಪ್ರತಿ ಕಾಲೇಜೂ ವರ್ಷಕ್ಕೊಮ್ಮೆ ‘509 ವರದಿ’ ಹಾಕುತ್ತದೆ. ಎಷ್ಟು ಜನ ಟ್ರಾನ್ಸ್‌ಫರ್ ಆಗಿ ಬಂದರು, ಯಾವ ಕಾಲೇಜಿನಿಂದ ಬಂದರು ಅನ್ನುವುದು ಅದರಲ್ಲೇ ಸಿಗುತ್ತದೆ. ಸುಮ್ನೆ ಅವರಿವರ ಮಾತು ಕೇಳುವ ಬದಲು ಅದನ್ನು ನೋಡಿ.

ಅಂಕಪಟ್ಟಿ, ಎಲ್‌ಸ್ಯಾಕ್ (ಎಲ್‌ಸ್ಯಾಟ್ ನಡೆಸುವ ಸಂಸ್ಥೆ) ಕಳಿಸುವ ವರದಿ, ನಿಮ್ಮ ಮೇಲೆ ಯಾವ ಶಿಸ್ತು ಕ್ರಮವೂ ಇಲ್ಲ ಎಂಬ ಕಾಲೇಜಿನ ಪತ್ರ ಬೇಕಾಗುತ್ತವೆ. ಪ್ರೊಫೆಸರ್ ಶಿಫಾರಸಿಗೆ ಮಾತ್ರ ಬೇಸಿಗೆ ರಜೆಗೆ ಮುಂಚೆಯೇ ಹೋಗಿ ಕೇಳಿ. ಬಿಟ್ಟುಹೋಗ್ತೀನಿ ಅಂತ ಹೇಳಲು ಸಂಕೋಚ ಆಗುತ್ತದೆ, ನಿಜ. ಆದರೆ ಅವರಿಗೆ ಇದು ಹೊಸದಲ್ಲ. ಟಾರ್ಟ್ಸ್ (ಹಾನಿಗೆ ಪರಿಹಾರ ಕೇಳುವ ಕಾನೂನು) ಕ್ಲಾಸಿನಲ್ಲಿ ನೀವು ಚೆನ್ನಾಗಿ ವಾದಿಸಿದ ಒಂದು ಕೇಸ್ ನೆನಪಿಸಿ ಬನ್ನಿ. ಪತ್ರಕ್ಕೆ ಜೀವ ಬರುತ್ತದೆ.

ಯಾಕೆ ಆ ಕಾಲೇಜಿಗೇ ಬರಬೇಕು ಅನ್ನುವ ನಿಮ್ಮ ಹೇಳಿಕೆ ಬರೆಯುವಾಗ ಜಾಸ್ತಿ ಸಮಯ ಕೊಡಿ. ‘ನಿಮ್ಮದು ಹೆಸರಾಂತ ಸಂಸ್ಥೆ’ ಅನ್ನುವ ಸಾಲು ಯಾವ ಕಾಲೇಜಿಗೆ ಬೇಕಾದರೂ ಹೊಂದುತ್ತದೆ, ಹೊಡೆದುಹಾಕಿ. ಜಾರ್ಜ್‌ಟೌನ್‌ನಲ್ಲಿ ಆಶ್ರಯ ಕೋರಿ ಬಂದವರ ಪರ ವಿದ್ಯಾರ್ಥಿಗಳೇ ಕೇಸ್ ನಡೆಸುವ ಕಾನೂನು ಕ್ಲಿನಿಕ್ ಇದೆ. ನಾನು ಬರೆದದ್ದು ಅದರ ಬಗ್ಗೆ: ಮೊದಲ ವರ್ಷದಲ್ಲಿ ಇಮಿಗ್ರೇಶನ್ ಕೋರ್ಟಿನಲ್ಲಿ ಕೂತು ಏನು ನೋಡಿದೆ, ಆ ಕೆಲಸ ಕಲಿಯಲು ಅಲ್ಲಿಗೇ ಯಾಕೆ ಬರಬೇಕು. ಈಗಿನ ಕಾಲೇಜನ್ನು ಒಂದು ಮಾತೂ ಬೈಯಬೇಡಿ.

ಹೊಸ ಕಡೆ ಮೊದಲ ವರ್ಷ ಓದಿದ್ದಕ್ಕೆ ಕ್ರೆಡಿಟ್ ಸಿಗುತ್ತದೆ, ಹಳೆಯ ಜಿಪಿಎ (ಗ್ರೇಡುಗಳ ಸರಾಸರಿ) ಸಾಮಾನ್ಯವಾಗಿ ಸೇರುವುದಿಲ್ಲ. ವಿದ್ಯಾರ್ಥಿಗಳೇ ನಡೆಸುವ ಕಾನೂನು ಪತ್ರಿಕೆ ಲಾ ರಿವ್ಯೂಗೆ ಟ್ರಾನ್ಸ್‌ಫರ್ ಆದವರನ್ನು ತೆಗೆದುಕೊಳ್ಳುತ್ತಾರಾ, ಕ್ಯಾಂಪಸ್ ಇಂಟರ್‌ವ್ಯೂಗೆ ಬಿಡುತ್ತಾರಾ ಅಂತ ಇಮೇಲ್‌ನಲ್ಲೇ ಕೇಳಿ. ಸೀಟು ಖಚಿತವಾಗುವ ತನಕ ಹಳೆಯ ಕಾಲೇಜಿನ ರಿಜಿಸ್ಟ್ರೇಷನ್ ಬಿಡಬೇಡಿ.

ಎಫ್-1 ವಿದ್ಯಾರ್ಥಿ ವೀಸಾದವರಿಗೆ ಇನ್ನೊಂದು ಮಾತು. ಹಳೆಯ ಕಾಲೇಜಿನ ಅಂತರರಾಷ್ಟ್ರೀಯ ವಿದ್ಯಾರ್ಥಿ ಕಚೇರಿಯವರು ಸೆವಿಸ್‌ನಲ್ಲಿರುವ (ವಿದೇಶಿ ವಿದ್ಯಾರ್ಥಿಗಳ ಸರ್ಕಾರಿ ಡೇಟಾಬೇಸ್) ನಿಮ್ಮ ದಾಖಲೆಯನ್ನು ಹೊಸ ಕಡೆಗೆ ಕಳಿಸಬೇಕು. ಅದಕ್ಕೊಂದು ಬಿಡುಗಡೆ ದಿನ ಗೊತ್ತುಮಾಡುತ್ತಾರೆ. ಆ ದಿನ ದಾಟಿದರೆ ನಿಮ್ಮ ದಾಖಲೆ ಅವರ ಕೈಯಲ್ಲಿರುವುದಿಲ್ಲ. ಬೇಸಿಗೆಯಲ್ಲಿ ಕ್ಯಾಂಪಸ್ ಕೆಲಸವೋ ಇಂಟರ್ನ್‌ಶಿಪ್ಪೋ ಇದ್ದರೆ ಅದು ಮುಗಿದ ನಂತರದ ದಿನ ಕೇಳಿ. ಊರಿಗೆ ಹೋಗುವುದಿದ್ದರೆ ಹೊಸ ಕಾಲೇಜು ಕೊಡುವ ಐ-20 ಪ್ರಮಾಣಪತ್ರ ಕೈಗೆ ಬಂದಿರಲಿ, ವಾಪಸ್ ಬರುವಾಗ ಅದನ್ನೇ ತೋರಿಸಬೇಕು.