ಇಜಿಆರ್ ವಾಲ್ವ್ ಬದಲಿಸುವ ಮುಂಚೆ ನಾನು ಮಾಡುವ ಟೆಸ್ಟ್

ಬಳ್ಳಾರಿಯ ನನ್ನ ಗ್ಯಾರೇಜಿಗೆ ಮೊನ್ನೆ ಸಂಡೂರಿನಿಂದ ಒಂದು ಡೀಸೆಲ್ ಕಾರು ಬಂತು. ಪಿಕಪ್ ಕಮ್ಮಿ, ಚೆಕ್ ಇಂಜಿನ್ ಲೈಟು ಬೇರೆ. ಸ್ಕ್ಯಾನರ್ ಹಾಕಿದರೆ ಪಿ0401. ಬೇರೆ ಕಡೆ ಆಗಲೇ 'ಹೊಸ ವಾಲ್ವ್ ಹಾಕಬೇಕು' ಅಂದಿದ್ದರಂತೆ. ಆದರೆ ಆ ಕೋಡು ಹೇಳೋದು ಇಜಿಆರ್ ಹರಿವು ಸಾಲದು ಅಂತ ಮಾತ್ರ. ಯಾಕೆ ಸಾಲದು ಅನ್ನೋದನ್ನ ನಾವೇ ಹುಡುಕಬೇಕು.

ಸೈಲೆನ್ಸರ್ ಕಡೆ ಹೋಗುವ ಹೊಗೆಯಲ್ಲಿ ಸ್ವಲ್ಪವನ್ನು ಇಜಿಆರ್ ಮತ್ತೆ ಇಂಜಿನ್ನಿಗೆ ಕೊಡುತ್ತದೆ. ಅದರಲ್ಲಿ ಆಮ್ಲಜನಕ ಕಡಿಮೆ. ಹಾಗಾಗಿ ಉರಿಯ ಬಿಸಿ ತಗ್ಗಿ, ನೈಟ್ರೋಜನ್ ಆಕ್ಸೈಡ್ ಅನ್ನೋ ವಿಷದ ಗಾಳಿ ಕಮ್ಮಿಯಾಗುತ್ತದೆ.

ಮೊದಲು ಏರ್ ಫಿಲ್ಟರ್ ತೆಗೆದೆ. ಅದಿರು ಲಾರಿಗಳ ಹಿಂದೆ ಓಡಾಡುವ ಗಾಡಿ ಅಲ್ವಾ, ಕೆಂಪು ಧೂಳು ತುಂಬಿಕೊಂಡಿತ್ತು. ಫಿಲ್ಟರ್ ಬದಲಿಸಿ, ಹೋಸ್‌ಗಳನ್ನು ನೋಡಿ, ಗಾಳಿ ಅಳೆಯುವ ಮಾಫ್ ಸೆನ್ಸರನ್ನು ಅದರದ್ದೇ ಸ್ಪ್ರೇನಿಂದ ತೊಳೆದೆ. ಮುಂದಿನ ಟೆಸ್ಟೆಲ್ಲ ನಿಂತಿರೋದು ಆ ಸೆನ್ಸರ್ ತೋರಿಸುವ ಅಂಕಿಯ ಮೇಲೆ.

ಇಂಜಿನ್ ಚೆನ್ನಾಗಿ ಬಿಸಿಯಾಗಲು ಬಿಟ್ಟೆ. ಐಡ್ಲಿಂಗ್‌ನಲ್ಲಿಟ್ಟು ಸ್ಕ್ಯಾನರ್‌ನಿಂದಲೇ ವಾಲ್ವ್ ತೆರೆಸಿದೆ. ಕೇಳಿದಷ್ಟೇ ತೆರೆಯಿತು, ಮುಚ್ಚು ಅಂದರೆ ಮುಚ್ಚಿತು. ಅಂದರೆ ಮೋಟರ್, ವೈರಿಂಗ್ ಸರಿ. ವಾಲ್ವ್ ತೆರೆದಾಗ ಹೊಗೆ ಒಳಗೆ ಜಾಗ ಹಿಡಿಯುತ್ತದೆ, ಆಗ ಹೊರಗಿನ ಗಾಳಿಯ ಅಂಕಿ ಎದ್ದು ಕಾಣುವಂತೆ ಇಳಿಯಬೇಕು. ಇಲ್ಲಿ ಅಲುಗಾಡಲೇ ಇಲ್ಲ! ಬಾಗಿಲು ತೆರೆದಿದೆ, ದಾರಿ ಕಟ್ಟಿದೆ.

ಬಿಚ್ಚಿದರೆ ಪೈಪಿನ ಬಾಯಲ್ಲಿ ಪೆನ್ಸಿಲ್ ತೂರುವಷ್ಟೇ ಜಾಗ ಉಳಿದಿತ್ತು. ಮಸಿ ಮತ್ತು ಆಯಿಲ್ ಆವಿ ಸೇರಿ ಗಟ್ಟಿಯಾಗಿ ಹೆಪ್ಪುಗಟ್ಟಿತ್ತು.

"ಅಣ್ಣ, ಇದೆಲ್ಲ ಯಾಕ್ರಿ? ಇಜಿಆರ್ ದಾರಿಗೇ ಪ್ಲೇಟ್ ಹೊಡೆದು ಬಂದ್ ಮಾಡ್ಬಿಡ್ರಿ" ಅಂದರು ಗಾಡಿಯವರು. ನಾನು ಒಪ್ಪಲಿಲ್ಲ. ಧೂಳು ಕುಡಿದು ಸಾಕಾಗಿರುವ ಊರು ನಮ್ಮದು, ಆ ವಿಷದ ಗಾಳಿಯನ್ನೂ ಯಾಕೆ ಸೇರಿಸಬೇಕು?

ಇಂಜಿನ್ ಕಡೆಯ ತೂತಿಗೆ ಬಟ್ಟೆ ತುರುಕಿ ಮಸಿ ಕೆರೆದೆ. ಇದನ್ನ ಮರೆಯಲೇಬಾರದು, ಉಂಡೆ ಒಳಗೆ ಬಿದ್ದರೆ ಕೆಲಸ ಕೆಡುತ್ತದೆ. ವಾಲ್ವಿನ ಮೋಟರ್ ಭಾಗಕ್ಕೆ ಕ್ಲೀನರ್ ತಾಗಿಸಲಿಲ್ಲ. ಬಟ್ಟೆ ತೆಗೆದು, ಹೊಸ ಗ್ಯಾಸ್ಕೆಟ್ ಹಾಕಿ ಕೂರಿಸಿದೆ.

ಮತ್ತೆ ಅದೇ ಟೆಸ್ಟ್. ಈ ಸಲ ವಾಲ್ವ್ ತೆರೆದ ಕೂಡಲೇ ಗಾಳಿಯ ಅಂಕಿ ಇಳಿಯಿತು, ಮುಚ್ಚಿದಾಗ ಮೊದಲಿನಷ್ಟಕ್ಕೆ ಏರಿತು. ಈ ಏರಿಕೆಯನ್ನೂ ನೋಡಲೇಬೇಕು. ಏರದಿದ್ದರೆ ವಾಲ್ವ್ ಪೂರ್ತಿ ಮುಚ್ಚುತ್ತಿಲ್ಲ, ಕಪ್ಪು ಹೊಗೆ ಶುರುವಾಗುತ್ತದೆ. ಕೋಡ್ ಅಳಿಸಿ, ಹೊಸಪೇಟೆ ರಸ್ತೆಯಲ್ಲಿ ಓಡಿಸಿ ಬಂದು ಸ್ಕ್ಯಾನ್ ಮಾಡಿದೆ. ಪಿ0401 ಬರಲಿಲ್ಲ, ಹಳೇ ವಾಲ್ವಿನಲ್ಲೇ ಗಾಡಿ ಸಂಡೂರಿಗೆ ಹೋಯಿತು.