ಹೈಬ್ರಿಡ್ ಮೀನು ಮರಿ ಹಾಕಲ್ಲ ಅಂದರೆ ನಂಬಬೇಡಿ

ಹೋದ ಶನಿವಾರ ಅಟ್ಲಾಂಟಾ ಹತ್ತಿರದ ಲೇಕ್ ಲೇನಿಯರ್ ದಂಡೆಯಲ್ಲಿ, ಊರಿಗೆ ಹೊಸದಾಗಿ ಬಂದ ಹುಡುಗನೊಬ್ಬ ಬಕೆಟ್ ತೋರಿಸಿ, "ಅಣ್ಣಾ, ಇಲ್ಲೂ ಜಿಲೇಬಿ ಸಿಗುತ್ತೆ!" ಅಂದ. ಅದು ನಮ್ಮ ಜಿಲೇಬಿ ಮೀನು (ತಿಲಾಪಿಯಾ) ಅಲ್ಲ, ಸನ್‌ಫಿಶ್. ಸನ್‌ಫಿಶ್‌ನಲ್ಲಿ ಹಲವು ಜಾತಿ. ಅವನ್ನೆಲ್ಲ ಜಾರ್ಜಿಯಾದವರು ಒಟ್ಟಾಗಿ ಬ್ರೀಮ್ ಎಂದು ಬರೆದು ‘ಬ್ರಿಮ್’ ಅಂತಾರೆ. ಮೊದಲ ವರ್ಷ ನಾನೂ ಜಿಲೇಬಿ ಅಂದುಕೊಂಡೇ ಹುರಿದು ತಿಂದಿದ್ದೆ. ರುಚಿಗೇನೂ ಮೋಸವಿಲ್ಲ, ಮುಳ್ಳು ಜಾಸ್ತಿ ಅಷ್ಟೇ.

ಗಾಳ ಹಾಕೋಕೆ ಲೈಸೆನ್ಸ್ ಬೇಕು ಅನ್ನೋದು ನಿಮಗೆ ಗೊತ್ತೇ ಇದೆ. ದಿನಕ್ಕೆ ಎಷ್ಟು ಸನ್‌ಫಿಶ್ ಹಿಡಿಯಬಹುದು ಅನ್ನೋದು ಮಾತ್ರ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಜಾರ್ಜಿಯಾದಲ್ಲಿ 50, ಮಿನ್ನೆಸೋಟದಲ್ಲಿ 20, ಅಲ್ಲೂ ಕೆಲವು ಕೆರೆಗಳಲ್ಲಿ 5 ಅಥವಾ 10. ನಮ್ಮೂರಲ್ಲಿ ಕೆರೆಯನ್ನೇ ಗುತ್ತಿಗೆಗೆ ಕೊಡ್ತಾರೆ. ಗುತ್ತಿಗೆದಾರನ ಕಣ್ಣು ತಪ್ಪಿಸಿ ಗಾಳ ಹಾಕುತ್ತಾ ಬೆಳೆದ ನನಗೆ ಇಲ್ಲಿನ ಪದ್ಧತಿಯೇ ವಾಸಿ.

ಗುರುತು ಹಿಡಿಯುವಾಗ ಬಣ್ಣ ನಂಬಬೇಡಿ. ಮೊಟ್ಟೆ ಇಡುವ ಕಾಲದಲ್ಲಿ ಗಂಡು ಮದುಮಗನ ಹಾಗೆ ಮಿಂಚುತ್ತೆ, ಸತ್ತ ಮೇಲೆ ಎಲ್ಲವೂ ಮಂಕು. ಕೈ ಒದ್ದೆ ಮಾಡಿಕೊಂಡು ಮೀನನ್ನು ಹಿಡಿದು ಕಿವಿ, ಬಾಯಿ, ಪಕ್ಕದ ರೆಕ್ಕೆ ನೋಡಿ. ಕಿವಿ ಅಂದರೆ ಕಿವಿರು ಮುಚ್ಚಳದ ತುದಿಯ ಕಪ್ಪು ಚೂರು. ಅದು ಅಂಚಿನವರೆಗೂ ಕಪ್ಪಗಿದ್ದು, ಬಾಯಿ ಪುಟ್ಟದಾಗಿ, ಚೂಪು ರೆಕ್ಕೆಯನ್ನು ಮುಂದಕ್ಕೆ ಮಡಿಸಿದರೆ ಕಣ್ಣು ದಾಟಿದರೆ ಬ್ಲೂಗಿಲ್. ಕಿವಿಯಂಚು ಕೆಂಪಾಗಿ, ಕೆನ್ನೆ ಮೇಲೆ ನೀಲಿ ಗೆರೆ ಇಲ್ಲದಿದ್ದರೆ ರೆಡ್‌ಇಯರ್. ಗೆರೆಗಳಿದ್ದು, ಕಿವಿ ತುದಿಗೆ ಕುಂಕುಮ ಇಟ್ಟಂತಿದ್ದರೆ ಪಂಪ್ಕಿನ್‌ಸೀಡ್. ಇದು ಹೆಚ್ಚಾಗಿ ಉತ್ತರದ ರಾಜ್ಯಗಳದು. ಬಾಯಿ ಕಣ್ಣಿನ ಕೆಳಗಿನವರೆಗೆ ಸೀಳಿದ್ದು, ರೆಕ್ಕೆ ಮೋಟಾಗಿ ದುಂಡಗಿದ್ದು, ಕಿವಿಗೆ ತೆಳು ಬಣ್ಣದ ಅಂಚಿದ್ದರೆ ಗ್ರೀನ್ ಸನ್‌ಫಿಶ್.

ಎರಡು ಜಾತಿ ಸೇರಿ ಹುಟ್ಟಿದ ಬೆರಕೆ (ಹೈಬ್ರಿಡ್) ಮೀನಿನಲ್ಲಿ ಇವೆಲ್ಲ ನಡುವೆ ಎಲ್ಲೋ ನಿಲ್ಲುತ್ತವೆ. ದೇಹ ಬ್ಲೂಗಿಲ್‌ನದು, ಬಾಯಿ ಅದಕ್ಕಿಂತ ದೊಡ್ಡದು, ಕಿವಿಗೆ ತೆಳು ಅಂಚು. ಹೀಗಿದ್ದರೆ ಬ್ಲೂಗಿಲ್‌, ಗ್ರೀನ್ ಎರಡರ ಬೆರಕೆ ಇರಬಹುದು. ಒಂದೇ ಗುರುತು ನೋಡಿ ತೀರ್ಪು ಕೊಡಬೇಡಿ. ಬೆರಕೆಯ ಮಕ್ಕಳು, ಮೊಮ್ಮಕ್ಕಳನ್ನಂತೂ ಡಿಎನ್‌ಎ ಪರೀಕ್ಷೆ ಇಲ್ಲದೆ ಖಚಿತವಾಗಿ ಹೇಳೋಕಾಗಲ್ಲ.

ನಾನು ಮುಗ್ಗರಿಸಿದ್ದು ಇಲ್ಲೇ. ಕಮಿಂಗ್ ಊರಾಚೆ ಮನೆ ಕೊಂಡಾಗ ಹಿತ್ತಲಲ್ಲಿ ಅರ್ಧ ಎಕರೆಯ ಕೆರೆ ಇತ್ತು. ಮರಿ ಮಾರುವವನೊಬ್ಬ ಹೈಬ್ರಿಡ್ ಬ್ಲೂಗಿಲ್ ತೋರಿಸಿ, "ಬೇಗ ಬೆಳೆಯುತ್ತೆ, ಮರಿ ಹಾಕಲ್ಲ" ಅಂದ. ಮೊದಲ ಮಾತು ಸುಳ್ಳಲ್ಲ. ಎರಡನೆಯದು ಅರ್ಧ ಸತ್ಯ. ಗ್ರೀನ್ ಗಂಡು, ಬ್ಲೂಗಿಲ್ ಹೆಣ್ಣು ಸೇರಿಸಿದ ಮರಿಗಳಲ್ಲಿ ಬಹುಪಾಲು ಗಂಡು, ಅದಕ್ಕೇ ಸಂತತಿ ಕಡಿಮೆ. ಆದರೆ ಬಂಜೆಯಲ್ಲ. ಇರುವ ನಾಲ್ಕು ಹೆಣ್ಣೇ ಸಾಕು. ಬಾಸ್ ಅನ್ನೋ ಬೇಟೆಗಾರ ಮೀನು ಬಿಟ್ಟಿದ್ದರೆ ಮರಿಗಳನ್ನು ತಿಂದು ಲೆಕ್ಕ ಸರಿ ಮಾಡುತ್ತಿತ್ತು. "ಮರಿಯೇ ಹಾಕದ ಮೇಲೆ ಬಾಸ್ ಯಾಕೆ?" ಅಂತ ದುಡ್ಡು ಉಳಿಸಿದೆ.

ಮೊದಲ ಬೇಸಿಗೆ ಭರ್ಜರಿ. ಮೂರನೆಯ ಬೇಸಿಗೆಗೆ ನೀರಿನ ತುಂಬಾ ಬೆರಳುದ್ದದ, ಬಾಯಿ ಅಗಲದ ಮೀನುಗಳು. ಒಂದೊಂದಕ್ಕೆ ಒಂದೊಂದು ರೂಪ. ರಾಣೆಬೆನ್ನೂರಿಗೆ ಫೋನ್ ಮಾಡಿ ಅಪ್ಪನಿಗೆ ಹೇಳಿದರೆ ನಕ್ಕರು. "ಹೈಬ್ರಿಡ್ ಮೆಣಸಿನಕಾಯಿ ಬೀಜ ಎತ್ತಿಟ್ಟು ಮರುವರ್ಷ ಯಾರಾದ್ರೂ ಹಾಕ್ತಾರೇನೋ?" ಅವರ ಜೀವನ ಕಳೆದಿದ್ದೇ ಹೈಬ್ರಿಡ್ ಬೀಜದ ಹೊಲದಲ್ಲಿ. ಕೊಳ್ಳುವ ಮುಂಚೆ ಕೇಳಬೇಕಿತ್ತು.

ನೀರು ಖಾಲಿ ಮಾಡಿಸಿ, ಹೊಸ ಮರಿ ಬಿಡುವಷ್ಟರಲ್ಲಿ 2,800 ಡಾಲರ್ ಹೋಯಿತು. ಔಷಧಿ ಹಾಕಿ ಕೊಲ್ಲೋಣ ಅಂದರೆ ರೋಟೆನೋನ್ ಹಾಕುವುದಕ್ಕೂ ಲೈಸೆನ್ಸ್ ಬೇಕು, ಸುಮ್ನೆ ಅಂಗಡಿಯಲ್ಲಿ ಸಿಗಲ್ಲ. ಆ ಮರಿಗಳನ್ನು ಬಕೆಟ್‌ನಲ್ಲಿ ತುಂಬಿ ಲೇನಿಯರ್‌ಗೆ ಸುರಿಯೋ ಯೋಚನೆಯಂತೂ ಬೇಡವೇ ಬೇಡ.

ಕೊಳ್ಳಲೇಬೇಕೆಂದರೆ ಯಾವ ಗಂಡು, ಯಾವ ಹೆಣ್ಣು ಅಂತ ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ಬಾಸ್ ತಪ್ಪಿಸಬೇಡಿ. ಮೊದಲೇ ಕೆರೆಯಲ್ಲಿ ಗ್ರೀನ್ ಇದೆಯಾ ನೋಡಿ. ತೊರೆ ಸೇರುವ ಕೋಡಿ ಇದ್ದರೆ ಅದು ತಾನೇ ಹತ್ತಿ ಬರುತ್ತೆ.

ನನ್ನ ಕೆರೆಯಲ್ಲಿ ಈಗ ಬ್ಲೂಗಿಲ್, ರೆಡ್‌ಇಯರ್, ಬಾಸ್ ಮಾತ್ರ. ಹಾಗಂದುಕೊಂಡಿದ್ದೆ. ಮೊನ್ನೆ ಎರೆಹುಳಕ್ಕೆ ಸಿಕ್ಕ ಒಂದರ ಬಾಯಿ ಕಣ್ಣಿನ ಕೆಳಗಿನವರೆಗೆ ಇತ್ತು.