ಮಡಿಕೇರಿಯ ಪಿನ್‌ಕೋಡ್ 571201: ಅವಿಭಾಜ್ಯವೆಂದು ಕಾಗದದ ಮೇಲೆ ಸಾಧಿಸಿದ ಬಗೆ

ವಿರಾಜಪೇಟೆಯ 571218 ಸಮಸಂಖ್ಯೆ, ಅಲ್ಲಿಗೆ ಮುಗಿಯಿತು. ಗೋಣಿಕೊಪ್ಪಲಿನ 571213 ಸ್ವಲ್ಪ ಸತಾಯಿಸಿ 29 × 19697 ಎಂದು ಒಡೆಯುತ್ತದೆ. ಮಡಿಕೇರಿಯ 571201 ಮಾತ್ರ ಒಡೆಯಲಿಲ್ಲ.

ನೇರ ದಾರಿಯೆಂದರೆ 755ರವರೆಗಿನ 133 ಅವಿಭಾಜ್ಯಗಳಿಂದಲೂ ಭಾಗಿಸಿ ನೋಡುವುದು. 756ರ ವರ್ಗ ಆಗಲೇ ಈ ಸಂಖ್ಯೆಯನ್ನು ದಾಟುತ್ತದೆ. 571200 = 2⁶ × 3 × 5² × 7 × 17 ಆದ್ದರಿಂದ ಈ ಐದಕ್ಕೂ ಶೇಷ 1 ಎಂದು ಭಾಗಿಸದೆಯೇ ತಿಳಿಯುತ್ತದೆ. (168 ಭಾಜಕಗಳಿರುವ ಸಂಖ್ಯೆಯ ಪಕ್ಕದಲ್ಲೇ ಎಂಥ ನೆರೆಮನೆ!) ಉಳಿದ 128 ಭಾಗಾಕಾರಗಳಲ್ಲಿ ಎಲ್ಲೋ ಒಂದು ಕೈತಪ್ಪಿದರೂ ಗೊತ್ತಾಗುವುದಿಲ್ಲ. ಹಾಗಾಗಿ ನಾನು ಹದಿನೆಂಟನೇ ಶತಮಾನದ ಗಣಿತಜ್ಞ ಆಯ್ಲರ್‌ನ ದಾರಿ ಹಿಡಿದೆ.

4ರಿಂದ ಭಾಗಿಸಿದಾಗ 1 ಉಳಿಯುವ ಸಂಖ್ಯೆಯನ್ನು ಎರಡು ವರ್ಗಗಳ ಮೊತ್ತವಾಗಿ ಒಂದೇ ಒಂದು ರೀತಿಯಲ್ಲಿ ಬರೆಯಲಾದರೆ, ಆ ಎರಡಕ್ಕೂ ಸಾಮಾನ್ಯ ಅಪವರ್ತನವಿಲ್ಲದಿದ್ದರೆ, ಅದು ಅವಿಭಾಜ್ಯ.

ಎಲ್ಲ ಜೋಡಿಗಳನ್ನೂ ಹುಡುಕಬೇಕಿಲ್ಲ. ವರ್ಗಗಳನ್ನು 5ರಿಂದ ಭಾಗಿಸಿದರೆ ಉಳಿಯುವುದು 0, 1 ಅಥವಾ 4. ನಮಗೆ ಬೇಕಾದ ಶೇಷ 1 ಆದ್ದರಿಂದ ಒಂದು ಸಂಖ್ಯೆ 5ರ ಗುಣಕವಾಗಲೇಬೇಕು. ಅದನ್ನು 5ಮ ಎನ್ನಿ. ಆಗ ಅದರ ವರ್ಗ 25ರ ಗುಣಕ; 571201ನ್ನು 25ರಿಂದ ಭಾಗಿಸಿದರೂ ಶೇಷ 1 ಆದ್ದರಿಂದ ಇನ್ನೊಂದರ ವರ್ಗವೂ 1 ಉಳಿಸಬೇಕು, ಅಂದರೆ ಆ ಸಂಖ್ಯೆ 25ಕ ± 1. ಸರಳಗೊಳಿಸಿದರೆ

ಮ² = 22848 − 25ಕ² ∓ 2ಕ

ಕ ಬೆಲೆ 0ಯಿಂದ 30ರವರೆಗೆ, ಒಟ್ಟು 61 ಪರೀಕ್ಷೆ. 571201ನ್ನು 8ರಿಂದ ಭಾಗಿಸಿದರೂ ಶೇಷ 1, ಆದ್ದರಿಂದ ಜೋಡಿಯಲ್ಲಿನ ಸಮಸಂಖ್ಯೆ 4ರ ಗುಣಕವಾಗಿರಬೇಕು. ಹಾಗಾಗಿ ಕ ಬೆಸವಾದಾಗ ± ಎರಡರಲ್ಲಿ ಒಂದು ಬಿದ್ದುಹೋಗಿ 46 ಉಳಿಯುತ್ತವೆ. 2, 3, 7, 8ರಲ್ಲಿ ಕೊನೆಗೊಳ್ಳುವುದು ವರ್ಗವಲ್ಲ. ಅವನ್ನು ನೋಡಿದ ಕೂಡಲೇ ಹೊಡೆದುಹಾಕಬಹುದು.

ಕ = 7ಕ್ಕೆ 21623 − 14 = 21609 = 147². ಅಂದರೆ 571201 = 735² + 176².

ಹೆಚ್ಚಿನವರು ಎಡವುವುದು ಇಲ್ಲೇ. ಒಂದು ಜೋಡಿ ಸಿಕ್ಕ ಮಾತ್ರಕ್ಕೆ ಏನೂ ಸಾಧಿಸಿದಂತಾಗದು. 221 = 14² + 5², ಜೊತೆಗೆ 11² + 10² ಕೂಡ, ಏಕೆಂದರೆ ಅದು 13 × 17. ಆಯ್ಲರ್ 1000009ನ್ನು ಒಡೆದದ್ದೂ 1000² + 3² ಅಲ್ಲದೆ 972² + 235² ಸಿಕ್ಕಿದ್ದರಿಂದಲೇ. 45 = 6² + 3² ಎಂಬುದಕ್ಕೆ ಎರಡನೇ ರೂಪವಿಲ್ಲ, ಆದರೆ ಎರಡರಲ್ಲೂ 3 ಇದೆ. ಇನ್ನು 5² + 0²ನ್ನು ಬಿಟ್ಟು ಎಣಿಸಿದರೆ 25 ಕೂಡ ಅವಿಭಾಜ್ಯವಾಗಿಬಿಡುತ್ತದೆ!

ಆದ್ದರಿಂದ 30ರವರೆಗೂ ಹೋಗಲೇಬೇಕು. ಕೊನೆಯ ಸಾಲಿನಲ್ಲಿ 288 ಬಂದು ಕಣ್ಣಿಗೆ ಮೋಸಮಾಡುತ್ತದೆ. 17² ಆಗಲು ಒಂದು ಕಡಿಮೆ. ಎರಡನೇ ಜೋಡಿ ಎಲ್ಲೂ ಇಲ್ಲ. 735 = 3 × 5 × 7², 176 = 2⁴ × 11; ಸಾಮಾನ್ಯ ಅಪವರ್ತನವೂ ಇಲ್ಲ. 571201 ಅವಿಭಾಜ್ಯ.

571213ಕ್ಕೆ ಇದೇ ಜರಡಿ ಹಿಡಿಯಬೇಡಿ. ಅದನ್ನು 5ರಿಂದ ಭಾಗಿಸಿದರೆ ಶೇಷ 3; ಎರಡೂ ವರ್ಗಗಳು 4 ಉಳಿಸಬೇಕು, ಅಂದರೆ ಎರಡೂ ಸಂಖ್ಯೆಗಳು 2, 3, 7, 8ರಲ್ಲಿ ಕೊನೆಗೊಳ್ಳಬೇಕು. ಅಲ್ಲಿಂದ ಹೊಸದಾಗಿ ಕಟ್ಟಿಕೊಳ್ಳಿ.